ಹೆತ್ತವರಿಗೆ ಹೆಗ್ಗಣ ಮುದ್ದು: ಚೇಂಬರ್ಲಿನ್ ಮೇಷ್ಟ್ರ ಪಾಠ

ಥಾಮಸ್ ಕ್ರೌಡರ್ ಚೇಂಬರ್ಲಿನ್ ಎಂಬ ಅಮೆರಿಕದ ಭೂವಿಜ್ಞಾನಿ 1889ರ ಅಕ್ಟೋಬರ್‌ನಲ್ಲಿ ನಿಸರ್ಗ ವಿಜ್ಞಾನಿಗಳ ಸಭೆಯೊಂದರಲ್ಲಿ ಒಂದು ಪ್ರಬಂಧ ಓದಿದ. ಮುಂದಿನ ಫೆಬ್ರವರಿಯಲ್ಲಿ ಅದು ‘ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಸಂಶೋಧಕನಿಗೆ ತಾನು ಕಂಡುಕೊಂಡ ವಿವರಣೆಯ ಮೇಲೆ ಹುಟ್ಟುವ ಮೋಹ ಹೆತ್ತವರಿಗೆ ಮಗುವಿನ ಮೇಲಿರುವ ಮೋಹದಂಥದ್ದು, ಅದು ಬೆಳೆದಂತೆಲ್ಲ ಕಣ್ಣು ಮಂಜಾಗುತ್ತದೆ ಎಂಬುದು ಅದರ ತಿರುಳು. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ನಮ್ಮ ಗಾದೆ ಆತನ ಕಿವಿಗೆ ಬಿದ್ದಿರಲಾರದು. ಬಿದ್ದಿದ್ದರೆ ಅರ್ಧ ಪ್ರಬಂಧವನ್ನು ಅದರಲ್ಲೇ ಮುಗಿಸಿಬಿಡುತ್ತಿದ್ದನೇನೋ.

ಈ ಮೋಹಕ್ಕೆ ಚೇಂಬರ್ಲಿನ್ ಸೂಚಿಸಿದ ಮದ್ದು ಸರಳ. ಒಂದೇ ಮಗು ಬೇಡ, ಮನೆ ತುಂಬ ಮಕ್ಕಳಿರಲಿ. ಒಂದು ಸಂಗತಿ ಕಣ್ಣಿಗೆ ಬಿದ್ದಾಗ ಅದಕ್ಕೆ ಸಾಧ್ಯವಿರುವ ಎಲ್ಲ ವಿವರಣೆಗಳನ್ನೂ ಮೊದಲೇ ಹೆತ್ತುಬಿಡಿ, ಯಾವುದನ್ನೂ ಮುದ್ದು ಮಾಡದೆ ಎಲ್ಲವನ್ನೂ ಒಟ್ಟಿಗೆ ಸಾಕಿ, ಸಾಕ್ಷ್ಯ ಯಾವುದನ್ನು ಉಳಿಸುತ್ತದೋ ನೋಡಿ. ಇದಕ್ಕೆ ಆತ ಕೊಟ್ಟ ಹೆಸರು ‘ದುಡಿಯುವ ಹಲವು ಊಹೆಗಳ ವಿಧಾನ’. ನಮ್ಮ ಪಠ್ಯಪುಸ್ತಕಗಳು ‘ಪ್ರಾಕ್ಕಲ್ಪನೆ’ ಎನ್ನುವುದನ್ನು ನಾನು ಇಲ್ಲಿ ಊಹೆ ಎಂದೇ ಕರೆಯುತ್ತೇನೆ.

ಈ ಪ್ರಬಂಧವನ್ನು ಸಾಮಾನ್ಯವಾಗಿ ವಿಜ್ಞಾನದ ವಿಧಾನದ ಬಗೆಗಿನ ಬರಹವೆಂದು ಓದುತ್ತಾರೆ. ಅದನ್ನು ಬರೆದವನು ಆಗ ಒಂದು ವಿಶ್ವವಿದ್ಯಾಲಯದ ಅಧ್ಯಕ್ಷನಾಗಿದ್ದ, ಅದಕ್ಕೂ ಮೊದಲು ಶಾಲಾ ಮೇಷ್ಟ್ರಾಗಿದ್ದ, ಮೂರೇ ವರ್ಷಗಳಲ್ಲಿ ಅಮೆರಿಕದ ಮಕ್ಕಳು ಭೂಮಿಯ ಬಗ್ಗೆ ಏನು ಕಲಿಯಬೇಕೆಂದು ತೀರ್ಮಾನಿಸುವ ಸಮಿತಿಯ ಮುಂದಾಳಾದ ಎಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ಆತನ ಭೂವಿಜ್ಞಾನವನ್ನೂ ಮೇಷ್ಟ್ರಗಿರಿಯನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಒಂದು ಒಳ್ಳೆಯ ವಿಚಾರ ಪಠ್ಯಕ್ರಮದ ಬಾಗಿಲು ದಾಟುವಾಗ ಏನನ್ನು ಹೊರಗೇ ಬಿಟ್ಟುಹೋಗುತ್ತದೆ ಎಂಬುದು ತಿಳಿಯುತ್ತದೆ.

ಚೇಂಬರ್ಲಿನ್ ಹುಟ್ಟಿದ್ದು 1843ರಲ್ಲಿ, ಇಲಿನಾಯ್ ರಾಜ್ಯದ ಮಟೂನ್ ಬಳಿ. ತಂದೆ ಮೆಥಡಿಸ್ಟ್ ಪಂಥದ ಬೋಧಕ, ಜೊತೆಗೆ ರೈತ. ಮನೆ ಇದ್ದದ್ದು ಹಿಮನದಿಯೊಂದು ಎಂದೋ ತಂದು ಸುರಿದುಹೋದ ಕಲ್ಲುಮಣ್ಣಿನ ದಿಬ್ಬದ ಮೇಲೆ. ಇಂಥ ದಿಬ್ಬಗಳಿಗೆ ಮೊರೇನ್ ಎನ್ನುತ್ತಾರೆ. ಅವುಗಳ ಅಧ್ಯಯನವೇ ಮುಂದೆ ಆತನ ಬದುಕಾಯಿತು. ಕುಟುಂಬ ವಿಸ್ಕಾನ್ಸಿನ್‌ನ ಬೆಲಾಯ್ಟ್ ಊರಿನ ಬಳಿಗೆ ಬಂತು. ಅಲ್ಲಿನ ಕಾಲೇಜಿನಲ್ಲಿ ಗ್ರೀಕ್, ಲ್ಯಾಟಿನ್ ಪ್ರಧಾನವಾದ ಹಳೆಯ ಕ್ರಮದ ಓದು. 1866ರಲ್ಲಿ ಪದವಿ ಮುಗಿಸಿ ಡೆಲವಾನ್ ಎಂಬ ಸಣ್ಣ ಊರಿನ ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯನಾಗಿ ಹೋದ. ಭೂವಿಜ್ಞಾನದ ಹುಚ್ಚು ಹತ್ತಿದ್ದರಿಂದ ಮಿಶಿಗನ್‌ನಲ್ಲಿ ಒಂದು ವರ್ಷ ಓದಿ ಬಂದು, 1869ರಿಂದ ವೈಟ್‌ವಾಟರ್‌ನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಿಜ್ಞಾನ ಕಲಿಸಿದ. ಎಂದರೆ, ಬೇರೆಯವರಿಗೆ ಮೇಷ್ಟ್ರಾಗುವುದು ಹೇಗೆಂದು ಹೇಳಿಕೊಡುವ ಕೆಲಸ. 1873ರಲ್ಲಿ ತಾನೇ ಓದಿದ ಬೆಲಾಯ್ಟ್ ಕಾಲೇಜಿಗೆ ಅಧ್ಯಾಪಕನಾಗಿ ಮರಳಿದ. ಅದೇ ವರ್ಷ ವಿಸ್ಕಾನ್ಸಿನ್ ರಾಜ್ಯದ ಭೂವೈಜ್ಞಾನಿಕ ಸರ್ವೇಕ್ಷಣೆಗೂ ಸೇರಿದ. 1876ರಲ್ಲಿ ಅದರ ಮುಖ್ಯಸ್ಥನಾಗಿ, ‘ವಿಸ್ಕಾನ್ಸಿನ್‌ನ ಭೂವಿಜ್ಞಾನ’ ಎಂಬ ನಾಲ್ಕು ಸಂಪುಟಗಳನ್ನು ಹೊರತಂದ.

ಆತನ ಪಾಲಿಗೆ ಬಂದ ನೆಲ ಸಂಶೋಧಕನನ್ನು ಆತುರಕ್ಕೆ ದೂಡುವಂಥದ್ದಲ್ಲ. ಅಮೆರಿಕದ ಮಧ್ಯ-ಪಶ್ಚಿಮದಲ್ಲಿ ಬಾವಿ ತೋಡಿದರೆ ಹಿಮನದಿ ತಂದ ಮಣ್ಣು ಸಿಗುತ್ತದೆ. ಕೆಲವೆಡೆ ಅದರ ಕೆಳಗೆ ಹಳೆಯ ಕಾಡಿನ ಮರದ ತುಂಡು, ಎಲೆಗೊಬ್ಬರ. ಅದರ ಕೆಳಗೆ ಮತ್ತೆ ಹಿಮನದಿಯ ಮಣ್ಣು. ಮಂಜು ಒಮ್ಮೆ ಬಂದು ಹೋಯಿತೋ, ಹಲವು ಸಲವೋ? ನಡುವೆ ಕಾಡು ಬೆಳೆಯುವಷ್ಟು ಕಾಲ ಬೆಚ್ಚಗಿತ್ತೋ, ಅಥವಾ ಹಿಮದ ಅಂಚು ಸ್ವಲ್ಪ ಹಿಂದೆ ಸರಿದು ಮತ್ತೆ ಮುಂದೆ ಬಂತೋ? ವರ್ಷಗಟ್ಟಲೆ ದಿಬ್ಬಗಳನ್ನು ಅಳೆದು ನಕ್ಷೆ ಮಾಡಿದ ಚೇಂಬರ್ಲಿನ್, ಹಿಮ ಹಲವು ಸಲ ಬಂದುಹೋಗಿದೆ ಎಂಬ ನಿಲುವಿಗೆ ಬಂದ. ಉತ್ತರ ಅಮೆರಿಕದ ಹಿಮಯುಗಗಳಿಗೆ ಕಾನ್ಸಾನ್, ವಿಸ್ಕಾನ್ಸಿನ್ ಮುಂತಾಗಿ ರಾಜ್ಯಗಳ ಹೆಸರಿಡುವ ರೂಢಿ ಶುರುವಾದದ್ದು ಆತನಿಂದಲೇ.

ಪ್ರಬಂಧದಲ್ಲಿ ಆತ ಕೊಡುವ ಉದಾಹರಣೆಯೂ ಈ ನೆಲದ್ದೇ. ಅಮೆರಿಕ ಮತ್ತು ಕೆನಡಾದ ನಡುವಿನ ಮಹಾ ಸರೋವರಗಳ ತಗ್ಗುಗಳು ಹೇಗೆ ಉಂಟಾದವು? ಹಿಮಯುಗಕ್ಕೂ ಮೊದಲಿನ ನದಿಗಳು ಕೊರೆದ ಕಣಿವೆಗಳು ಎಂದು ಒಬ್ಬರು, ಹಿಮನದಿಯೇ ಕೆರೆದದ್ದು ಎಂದು ಇನ್ನೊಬ್ಬರು, ಭೂಮಿಯ ಚಿಪ್ಪು ಕುಸಿದದ್ದು ಎಂದು ಮತ್ತೊಬ್ಬರು ಹೇಳಿದರು. ಒಂದನ್ನೇ ಹಿಡಿದು ಹೊರಟವನಿಗೆ ಅದಕ್ಕೆ ಬೇಕಾದ ಗುರುತುಗಳೇ ಕಾಣುತ್ತವೆ. ಮೂರನ್ನೂ ಒಟ್ಟಿಗೆ ಇಟ್ಟುಕೊಂಡವನು ಮಾತ್ರ, ಮೂರೂ ಕೆಲಸ ಮಾಡಿರಬಹುದಲ್ಲ, ಯಾವ ಸರೋವರದಲ್ಲಿ ಯಾವುದರ ಪಾಲೆಷ್ಟು ಎಂದು ಕೇಳುತ್ತಾನೆ. ಈ ವಿಧಾನದ ಲಾಭ ನ್ಯಾಯವಾಗಿ ನಡೆದುಕೊಳ್ಳುವುದರಲ್ಲಿ ಮಾತ್ರವಿಲ್ಲ, ಪ್ರಶ್ನೆಯನ್ನೇ ಉತ್ತಮಪಡಿಸುವುದರಲ್ಲಿದೆ.

ಅದೇ ಪ್ರಬಂಧದಲ್ಲಿ ಕಲಿಕೆಯ ಬಗ್ಗೆಯೂ ಮಾತಿದೆ. ಕಲಿಕೆಯಲ್ಲಿ ಎರಡು ಬಗೆ ಎನ್ನುತ್ತಾನೆ ಚೇಂಬರ್ಲಿನ್. ಹಿಂದಿನವರು ನಡೆದ ದಾರಿಯಲ್ಲೇ ನಡೆದು ಅವರ ಫಲಿತಾಂಶಗಳನ್ನು ಬಾಯಿಪಾಠ ಮಾಡುವುದು ಒಂದು. ತಾನೇ ಯೋಚಿಸಿ, ತಪ್ಪಾಗುವ ಅಪಾಯವನ್ನು ಹೊತ್ತು ಕಟ್ಟಿಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಹೊಸ ಶೋಧವೇ ಆಗಬೇಕಿಲ್ಲ, ಮಗು ತನಗೆ ಹೊಸದಾದದ್ದನ್ನು ತಾನೇ ಯೋಚಿಸಿದರೂ ಸಾಕು. ತನ್ನ ವಿಧಾನದ ತೊಡಕುಗಳನ್ನೂ ಆತ ಮುಚ್ಚಿಡಲಿಲ್ಲ. ಹಲವು ಊಹೆಗಳನ್ನು ತಲೆಯಲ್ಲಿಟ್ಟುಕೊಂಡವನು ನಿರ್ಧಾರಕ್ಕೆ ಬರಲು ತಡವರಿಸಬಹುದು. ಭಾಷೆಯೂ ಒಂದರ ಹಿಂದೆ ಒಂದನ್ನು ಹೇಳುತ್ತದೆಯೇ ಹೊರತು ಹತ್ತನ್ನು ಒಟ್ಟಿಗೆ ಹೇಳಲಾರದು. ತರಗತಿಯಲ್ಲಿ ನಿಂತವರಿಗೆ ಈ ಎರಡೂ ಕಷ್ಟಗಳು ಚೆನ್ನಾಗಿ ಗೊತ್ತು.

1887ರಿಂದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಧ್ಯಕ್ಷನಾಗಿದ್ದ ಆತ 1892ರಲ್ಲಿ ಆ ಪದವಿ ಬಿಟ್ಟು, ಹೊಸದಾಗಿ ಶುರುವಾಗಿದ್ದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗ ಕಟ್ಟಲು ಹೋದ. ಅದೇ ವರ್ಷದ ಜುಲೈನಲ್ಲಿ ಅಮೆರಿಕದ ರಾಷ್ಟ್ರೀಯ ಶಿಕ್ಷಣ ಸಂಘ ಹಾರ್ವರ್ಡ್‌ನ ಚಾರ್ಲ್ಸ್ ಎಲಿಯಟ್ ನೇತೃತ್ವದಲ್ಲಿ ಹತ್ತು ಮಂದಿಯ ಸಮಿತಿಯೊಂದನ್ನು ನೇಮಿಸಿತು. ಪ್ರೌಢಶಾಲೆಗಳಲ್ಲಿ ಒಂದೊಂದು ಕಡೆ ಒಂದೊಂದು ಪಾಠ, ಕಾಲೇಜುಗಳಲ್ಲಿ ಒಂದೊಂದು ಕಡೆ ಒಂದೊಂದು ಪ್ರವೇಶ ಪರೀಕ್ಷೆ. ಇದಕ್ಕೊಂದು ಹದ ತರಬೇಕಿತ್ತು. ಒಂಬತ್ತು ವಿಷಯ ಗುಂಪುಗಳಿಗೆ ಒಂಬತ್ತು ಉಪಸಮಿತಿಗಳಾದವು. ಭೂಗೋಳದ ಉಪಸಮಿತಿಗೆ ಚೇಂಬರ್ಲಿನ್ ಅಧ್ಯಕ್ಷ. ಭೌತಿಕ ಭೂಗೋಳ, ಭೂವಿಜ್ಞಾನ, ಹವಾಮಾನ ವಿಜ್ಞಾನ ಮೂರೂ ಅದರ ವ್ಯಾಪ್ತಿಯಲ್ಲಿದ್ದವು.

1892ರ ಡಿಸೆಂಬರ್ ಕೊನೆಯ ವಾರ ಶಿಕಾಗೊದಲ್ಲಿ ಈ ಉಪಸಮಿತಿ ಕೂಡಿತು. ಹಾರ್ವರ್ಡ್‌ನ ವಿಲಿಯಂ ಮಾರಿಸ್ ಡೇವಿಸ್ ಅಲ್ಲಿದ್ದ. ಮಕ್ಕಳನ್ನು ಶಾಲೆಯಿಂದ ಹೊರಗೆ ಕರೆದೊಯ್ದು ಪಾಠ ಮಾಡುವುದಕ್ಕೆ ಹೆಸರಾಗಿದ್ದ ಫ್ರಾನ್ಸಿಸ್ ಪಾರ್ಕರ್ ಇದ್ದ. ಫಿಲಡೆಲ್ಫಿಯದ ಎಡ್ವಿನ್ ಹ್ಯೂಸ್ಟನ್ ಇದ್ದ. ಈತ ಪ್ರೌಢಶಾಲಾ ಅಧ್ಯಾಪಕ, ಭೌತಿಕ ಭೂಗೋಳದ ಪಠ್ಯಪುಸ್ತಕಕಾರ, ಜೊತೆಗೆ ಥಾಮ್ಸನ್–ಹ್ಯೂಸ್ಟನ್ ವಿದ್ಯುತ್ ಕಂಪನಿಯ ಹೆಸರಿನಲ್ಲಿರುವ ಅದೇ ಹ್ಯೂಸ್ಟನ್. ಆ ಕಾಲದ ಭೂಗೋಳವೆಂದರೆ ರಾಜಧಾನಿಗಳು, ನದಿಗಳು, ಭೂಶಿರಗಳ ಹೆಸರಿನ ಪಟ್ಟಿ. ಅದನ್ನು ಬದಿಗಿಟ್ಟು ಮಗುವಿನ ಕಣ್ಣಳತೆಯಿಂದ ಶುರುಮಾಡಿ ಎಂದಿತು ಉಪಸಮಿತಿ. ಮೊದಲು ಮನೆಯ ಸುತ್ತಲ ನೆಲ, ನೀರು, ಗಾಳಿ. ಆಮೇಲೆ ನಕ್ಷೆ ಮತ್ತು ದೂರದ ದೇಶಗಳು. ಪ್ರೌಢಶಾಲೆಯಲ್ಲಿ ಭೂರೂಪಗಳ ಅಧ್ಯಯನ, ಕೊನೆಯಲ್ಲಿ ಬೇಕಾದವರಿಗೆ ಭೂವಿಜ್ಞಾನ ಅಥವಾ ಹವಾಮಾನ ವಿಜ್ಞಾನ. ಹ್ಯೂಸ್ಟನ್ ಮಾತ್ರ ಒಪ್ಪದೆ ಭಿನ್ನಮತದ ವರದಿ ಬರೆದ. ಹಲವು ಊಹೆಗಳ ಪ್ರತಿಪಾದಕನ ಸಮಿತಿಯಲ್ಲಿ ಒಂದು ಭಿನ್ನ ಸ್ವರ ಅಚ್ಚಾದದ್ದು ಉಚಿತವೇ. ಒಂಬತ್ತು ಉಪಸಮಿತಿಗಳಲ್ಲಿ ರೂಢಿಯ ಬೋಧನೆಯ ಬಗ್ಗೆ ಅತ್ಯಂತ ಹೆಚ್ಚು ಅತೃಪ್ತಿ ಹೊಂದಿದ್ದು, ಅತ್ಯಂತ ಹೆಚ್ಚು ಬದಲಾವಣೆ ಕೇಳಿದ್ದು ಈ ಭೂಗೋಳದವರೇ ಎಂದು ಮುಖ್ಯ ಸಮಿತಿ ತನ್ನ 1893ರ ವರದಿಯಲ್ಲಿ ಬರೆಯಿತು.

ಆಮೇಲೆ ಆದದ್ದು ಪಠ್ಯಕ್ರಮದ ಇತಿಹಾಸದಲ್ಲಿ ಮತ್ತೆ ಮತ್ತೆ ಆಗುವ ಕಥೆ. ಭೌತಿಕ ಭೂಗೋಳ ಶಾಲೆಗಳಿಗೆ ಬಂತು. ಡೇವಿಸ್, ಚೇಂಬರ್ಲಿನ್‌ನ ಶಿಷ್ಯ ರೋಲಿನ್ ಸಾಲಿಸ್‌ಬರಿ ಮುಂತಾದವರು ಒಳ್ಳೆಯ ಪುಸ್ತಕ ಬರೆದರು. ಆದರೆ ಹೊರಗೆ ಕರೆದೊಯ್ಯಬಲ್ಲ, ‘ನನಗೂ ಗೊತ್ತಿಲ್ಲ, ನೋಡೋಣ’ ಎನ್ನಬಲ್ಲ ಶಿಕ್ಷಕರು ಪುಸ್ತಕದ ಜೊತೆ ಅಚ್ಚಾಗಿ ಬರುವುದಿಲ್ಲ. ಡೇವಿಸ್ ರೂಪಿಸಿದ ಸವೆತದ ಚಕ್ರ, ಅಂದರೆ ಭೂರೂಪಕ್ಕೂ ಯೌವನ, ಪ್ರೌಢಾವಸ್ಥೆ, ಮುಪ್ಪು ಇವೆ ಎಂಬ ಚಿತ್ರ, ತರಗತಿಗಳಲ್ಲಿ ಒಂದು ಊಹೆಯಾಗಿ ಉಳಿಯದೆ ಉತ್ತರವೇ ಆಗಿಬಿಟ್ಟಿತು. ಹೆಸರುಗಳ ಹಳೆಯ ಪಟ್ಟಿ ಹೋದಲ್ಲಿ ಪರಿಭಾಷೆಯ ಹೊಸ ಪಟ್ಟಿ ಬಂತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ‘ಸಾಮಾನ್ಯ ವಿಜ್ಞಾನ’ ಎಂಬ ವಿಷಯ ಮುಂದೆ ಬಂದಂತೆ ಭೌತಿಕ ಭೂಗೋಳ ಅಮೆರಿಕದ ಪ್ರೌಢಶಾಲೆಗಳಿಂದ ಹೆಚ್ಚುಕಡಿಮೆ ಜಾರಿಹೋಯಿತು. ಡೇವಿಸ್‌ನ ಚಕ್ರ ಮಾತ್ರ ದೇಶ ದಾಟಿ ಬಂದು ನಮ್ಮ ಪದವಿ ತರಗತಿಯ ಭೂಗೋಳದಲ್ಲೂ ಕೂತಿದೆ. ಅದರ ಪಕ್ಕದಲ್ಲಿ ಪೆಂಕ್‌ನ ವಿರುದ್ಧ ವಾದವೂ ಇದೆ. ಎರಡನ್ನೂ ಬಾಯಿಪಾಠ ಮಾಡಿ ಹೋಲಿಸಿ ಬರೆದರೆ ಅಂಕ ಸಿಗುತ್ತದೆ, ಆದರೆ ಅದು ಹಲವು ಊಹೆಗಳ ವಿಧಾನವಲ್ಲ. ಕಣ್ಣೆದುರಿನ ಈ ಕಣಿವೆಯಲ್ಲಿ ಏನು ಕಂಡರೆ ಇಬ್ಬರಲ್ಲಿ ಒಬ್ಬರು ಸೋಲುತ್ತಾರೆ ಎಂದು ಕೇಳಿದಾಗಲೇ ಆ ವಿಧಾನ ಶುರುವಾಗುವುದು.

ಹಾಗಾದರೆ ಬೋಧಿಸಿದವನು ತಾನೇ ಅದನ್ನು ಪಾಲಿಸಿದನೇ? ಪಾಲಿಸಿದ ಕಥೆಯೂ ಇದೆ, ಎಡವಿದ ಕಥೆಯೂ ಇದೆ.

ಆ ಕಾಲದ ಭೌತವಿಜ್ಞಾನದ ದೊಡ್ಡ ಹೆಸರು ಲಾರ್ಡ್ ಕೆಲ್ವಿನ್. ಕರಗಿದ ಉಂಡೆಯಾಗಿದ್ದ ಭೂಮಿ ತಣ್ಣಗಾಗುತ್ತಾ ಬಂದಿದೆ, ಲೆಕ್ಕ ಹಾಕಿದರೆ ಅದರ ವಯಸ್ಸು 2ರಿಂದ 4 ಕೋಟಿ ವರ್ಷ ಎಂದು ಆತ ಹೇಳಿದ್ದ. ಭೂವಿಜ್ಞಾನಿಗಳಿಗೆ ಅಷ್ಟು ಕಾಲ ಸಾಲದು, ಆದರೆ ಗಣಿತದೆದುರು ಬಾಯಿ ಕಟ್ಟಿತ್ತು. 1899ರಲ್ಲಿ ಚೇಂಬರ್ಲಿನ್ ಉತ್ತರ ಬರೆದ. ಗಣಿತ ಎಷ್ಟೇ ನಿಖರವಾಗಿರಲಿ, ಅದು ನಿಂತಿರುವುದು ಭೂಮಿ ಕರಗಿದ ಉಂಡೆಯಾಗಿತ್ತು ಎಂಬ ಒಂದೇ ಊಹೆಯ ಮೇಲೆ. ಭೂಮಿ ತಣ್ಣನೆಯ ಸಣ್ಣ ತುಣುಕುಗಳು ನಿಧಾನವಾಗಿ ಸೇರಿ ಬೆಳೆದಿರಬಹುದಲ್ಲ? ಪರಮಾಣುಗಳ ಒಳಗೆ ನಮಗಿನ್ನೂ ತಿಳಿಯದ ಶಕ್ತಿಯ ದಾಸ್ತಾನು ಇರಬಾರದೇಕೆ? ಬೆಕೆರಲ್ ವಿಕಿರಣಶೀಲತೆಯನ್ನು ಕಂಡು ಮೂರೇ ವರ್ಷಗಳಾಗಿದ್ದವು, ಅದರ ಶಾಖದ ಅರಿವು ಯಾರಿಗೂ ಇರಲಿಲ್ಲ. ಉತ್ತರ ಗೊತ್ತಿಲ್ಲದೆಯೂ ಪ್ರಶ್ನೆಯ ಬಾಗಿಲನ್ನು ತೆರೆದಿಟ್ಟದ್ದು ಇಲ್ಲಿ ಆ ವಿಧಾನ ಮಾಡಿದ ಕೆಲಸ.

ಕೆಲ್ವಿನ್ ಮೇಲಿನ ಅನುಮಾನಕ್ಕೆ ಕಾರಣವಾದವುಗಳಲ್ಲಿ ಭಾರತದ ಕಲ್ಲುಗಳೂ ಇದ್ದವು. ಒಡಿಶಾದ ತಾಲ್ಚೇರ್ ಕಲ್ಲಿದ್ದಲು ಪ್ರದೇಶದಲ್ಲಿ ನಯವಾದ ಕೆಸರುಗಲ್ಲಿನ ನಡುವೆ ದೊಡ್ಡ ದೊಡ್ಡ ಗುಂಡುಗಳು ಹುದುಗಿದ್ದನ್ನು ಕಂಡ ಬ್ಲಾನ್‌ಫರ್ಡ್ ಸೋದರರು, ಇದು ಮಂಜುಗಡ್ಡೆ ತಂದು ಹಾಕಿದ್ದಿರಬೇಕು ಎಂದು 1856ರಲ್ಲೇ ಹೇಳಿದ್ದರು. ಈಗಿನ ಲೆಕ್ಕದಲ್ಲಿ ಸುಮಾರು 30 ಕೋಟಿ ವರ್ಷ ಹಳೆಯ ಪದರಗಳವು. ಭೂಮಿ ಬಿಸಿಯಿಂದ ತಣ್ಣಗಾಗುತ್ತಾ ಬಂದಿದ್ದರೆ ಅಷ್ಟು ಹಿಂದೆ, ಅದೂ ಉಷ್ಣವಲಯದಲ್ಲಿ, ಹಿಮ ಎಲ್ಲಿಂದ ಬಂತು? 1890ರ ದಶಕದ ಕೊನೆಯಲ್ಲಿ ಚೇಂಬರ್ಲಿನ್ ಇದಕ್ಕೊಂದು ಊಹೆ ಕಟ್ಟಿದ. ಪರ್ವತಗಳು ಎದ್ದಾಗ ಹೊಸ ಬಂಡೆ ಗಾಳಿಗೆ ತೆರೆದುಕೊಳ್ಳುತ್ತದೆ. ಬಂಡೆ ಶಿಥಿಲವಾಗುವಾಗ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ. ಆ ಹೊದಿಕೆ ತೆಳುವಾದರೆ ಭೂಮಿ ತಣ್ಣಗಾಗಿ ಹಿಮಯುಗ ಬರುತ್ತದೆ. ಆದರೆ 1900ರ ಸುಮಾರಿಗೆ ಸ್ವೀಡನ್ನಿನ ಆಂಗ್‌ಸ್ಟ್ರೋಮ್ ನಡೆಸಿದ ಪ್ರಯೋಗಗಳು ಈ ಅನಿಲಕ್ಕೆ ಅಷ್ಟು ಶಕ್ತಿಯಿಲ್ಲ ಎನ್ನುವಂತೆ ಕಂಡವು. ಚೇಂಬರ್ಲಿನ್ ನಿಧಾನವಾಗಿ ತನ್ನ ಊಹೆಯ ಮೇಲಿನ ಭರವಸೆ ಕಳೆದುಕೊಂಡ.

ಆತ ಕೈಬಿಡದ ಮಗು ಬೇರೆಯದು. ಸೂರ್ಯನ ಪಕ್ಕದಲ್ಲಿ ಹಾದುಹೋದ ನಕ್ಷತ್ರವೊಂದು ಎಳೆದುಹಾಕಿದ ದ್ರವ್ಯ ಸಣ್ಣ ತುಣುಕುಗಳಾಗಿ, ಆ ತುಣುಕುಗಳು ಕೂಡಿ ಗ್ರಹಗಳಾದವು ಎಂಬ ಊಹೆಯನ್ನು ಆತ ಖಗೋಳಜ್ಞ ಫಾರೆಸ್ಟ್ ಮೌಲ್ಟನ್ ಜೊತೆ 1905ರಲ್ಲಿ ಮುಂದಿಟ್ಟ. 1916ರಲ್ಲಿ ಅದರ ಮೇಲೆ ಪುಸ್ತಕ ಬರೆದ. 1928ರಲ್ಲಿ, ತೀರಿಕೊಂಡ ವರ್ಷವೂ, ಅದೇ ವಿಚಾರದ ಇನ್ನೊಂದು ಪುಸ್ತಕ. ಇಂದು ತಿರುಗಿ ನೋಡಿದರೆ ಲೆಕ್ಕ ತಲೆಕೆಳಗಾಗಿದೆ. ಹಾದುಹೋದ ನಕ್ಷತ್ರದ ಕಥೆ ಆತ ಸತ್ತು ಹತ್ತು ವರ್ಷಗಳೊಳಗೆ ಬಿದ್ದುಹೋಯಿತು. ತುಣುಕುಗಳು ಕೂಡಿ ಗ್ರಹವಾಗುತ್ತವೆ ಎಂಬ ಭಾಗ ಉಳಿಯಿತು. ಕೈಬಿಟ್ಟ ಇಂಗಾಲದ ಊಹೆಯ ಮೂಲ ಎಳೆಯೋ, ಬಂಡೆಯ ಶಿಥಿಲೀಕರಣ ಮತ್ತು ಹವೆಯ ನಂಟು, ಇಂದು ಭೂಮಿಯ ದೀರ್ಘಕಾಲದ ಹವಾಮಾನವನ್ನು ಅರಿಯಲು ಬೇಕೇಬೇಕಾದದ್ದು. ಹಾಗೆಂದು ಆತನನ್ನು ನಕ್ಕು ಬಿಡುವಂತಿಲ್ಲ. ಎದುರಿನ ಪ್ರಯೋಗಕ್ಕೆ ಮಣಿದು ಊಹೆ ಬಿಟ್ಟದ್ದು ವಿಧಾನದ ಪಾಲನೆಯೇ. ಆ ಪ್ರಯೋಗವನ್ನೂ ಇನ್ನೊಂದು ಊಹೆಯಂತೆ ಅನುಮಾನಿಸಬಹುದಿತ್ತು ಎಂಬುದು ನಮಗೆ ಕಾಣುವುದು ಬಹಳ ತಡವಾಗಿ ಹುಟ್ಟಿದ್ದರಿಂದ.

ತಾಲ್ಚೇರ್‌ನ ಗುಂಡುಗಳ ಕಥೆ ಅಲ್ಲಿಗೇ ಮುಗಿಯಲಿಲ್ಲ. ಖಂಡಗಳು ಜರುಗುತ್ತವೆ ಎಂದ ಜರ್ಮನಿಯ ಆಲ್ಫ್ರೆಡ್ ವೆಗೆನರ್‌ಗೆ ಅವು ಮುಖ್ಯ ಸಾಕ್ಷಿಯಾದವು. ಭಾರತ ಆಗ ಉಷ್ಣವಲಯದಲ್ಲಿ ಇರಲೇ ಇಲ್ಲ, ದಕ್ಷಿಣ ಧ್ರುವದ ಕಡೆಗಿತ್ತು ಎಂದರೆ ಒಗಟು ಬಿಡಿಸಿದಂತೆ. 1926ರಲ್ಲಿ ನ್ಯೂಯಾರ್ಕ್‌ನಲ್ಲಿ ಈ ವಿಚಾರದ ಮೇಲೆ ಚರ್ಚೆ ನಡೆದಾಗ ಅದನ್ನು ಕಟುವಾಗಿ ಟೀಕಿಸಿದವರಲ್ಲಿ ಒಬ್ಬ ಚೇಂಬರ್ಲಿನ್‌ನ ಸ್ವಂತ ಮಗ, ಶಿಕಾಗೊದ ಭೂವಿಜ್ಞಾನಿ ರೋಲಿನ್ ಚೇಂಬರ್ಲಿನ್. ಇತಿಹಾಸಕಾರ್ತಿ ನವೋಮಿ ಒರೆಸ್ಕೆಸ್ ಈ ಪ್ರಸಂಗವನ್ನು ವಿವರಿಸುತ್ತಾ ಒಂದು ಮಾತು ತೋರಿಸಿಕೊಟ್ಟಿದ್ದಾರೆ. ಅಮೆರಿಕದ ಭೂವಿಜ್ಞಾನಿಗಳು ವೆಗೆನರ್‌ನನ್ನು ತಿರಸ್ಕರಿಸಿದ್ದು ಹಲವು ಊಹೆಗಳ ವಿಧಾನದ ಹೆಸರಿನಲ್ಲೂ ಹೌದು. ಈತ ಒಂದೇ ಊಹೆಯ ವಕೀಲ, ಬೇಕಾದ ಸಾಕ್ಷ್ಯವನ್ನಷ್ಟೇ ಆರಿಸುತ್ತಾನೆ ಎಂಬುದು ಅವರ ಆಕ್ಷೇಪ. ಮುಕ್ತವಾಗಿರಲು ಹೇಳಿದ ವಿಧಾನವೇ ಬಾಗಿಲು ಮುಚ್ಚುವ ಅಗುಳಿಯೂ ಆಯಿತು. ವಿಧಾನವೂ ಒಂದು ಹೆತ್ತ ಮಗುವೇ, ಅದರ ಮೇಲೂ ಮೋಹ ಬೆಳೆಯುತ್ತದೆ.

1960ರ ದಶಕದಲ್ಲಿ ಚೇಂಬರ್ಲಿನ್‌ನ ಹೆಸರು ಮತ್ತೆ ಕೇಳಿಬಂತು. ಜಾನ್ ಪ್ಲಾಟ್ ಎಂಬ ವಿಜ್ಞಾನಿ 1964ರಲ್ಲಿ ‘ಸೈನ್ಸ್’ನಲ್ಲಿ ಬರೆದ ಲೇಖನದಲ್ಲಿ, ಸಂಶೋಧನೆಗೆ ಇಳಿಯುವ ಪ್ರತಿ ವಿದ್ಯಾರ್ಥಿಯೂ ಪ್ರತಿ ಪ್ರಾಧ್ಯಾಪಕನೂ ಓದಲೇಬೇಕಾದ ಪ್ರಬಂಧವಿದು ಎಂದ. ಮರುವರ್ಷ ಆ ಪತ್ರಿಕೆ ಪ್ರಬಂಧವನ್ನು ಮರುಮುದ್ರಿಸಿತು. ಸ್ಪುಟ್ನಿಕ್ ನಂತರದ ಆ ದಶಕದಲ್ಲೇ ಅಮೆರಿಕದ ಭೂವಿಜ್ಞಾನಿಗಳು ಶಾಲೆಗಳಿಗಾಗಿ ಹೊಸ ಭೂವಿಜ್ಞಾನ ಪಠ್ಯಕ್ರಮ ರೂಪಿಸಲು ಕೂತರು. 1967ರಲ್ಲಿ ಬಂದ ಅವರ ಪುಸ್ತಕದ ಹೆಸರೇ ‘ಭೂಮಿಯ ತನಿಖೆ’ ಎಂಬ ಅರ್ಥದ್ದು. 1892ರಲ್ಲಿ ಕೇಳಿದ್ದನ್ನೇ, ಮಗು ತಾನೇ ನೋಡಿ ಯೋಚಿಸಲಿ ಎಂಬುದನ್ನು, ಮುಕ್ಕಾಲು ಶತಮಾನದ ನಂತರ ಮತ್ತೆ ಮೊದಲಿನಿಂದ ಕೇಳಬೇಕಾಯಿತು.

ಇದು ನಮಗೇಕೆ? ಪಿಎಚ್.ಡಿ. ಮಾಡುವ ನಮ್ಮಂಥವರಿಗೆ ಸಿನಾಪ್ಸಿಸ್‌ನಲ್ಲಿ ‘ಪ್ರಾಕ್ಕಲ್ಪನೆ’ ಎಂಬ ತಲೆಬರಹದ ಕೆಳಗೆ ಒಂದು ವಾಕ್ಯ ಬರೆಯಬೇಕಾಗುತ್ತದೆ, ಮುಂದಿನ ನಾಲ್ಕೈದು ವರ್ಷ ಅದನ್ನು ಸಾಬೀತು ಮಾಡುವುದೇ ಕೆಲಸವಾಗುತ್ತದೆ. ಅದು ಸುಳ್ಳಾದರೆ ಪದವಿಗೇ ಕುತ್ತು ಎಂಬ ಭಯ ಬೇರೆ. ಎದುರಾಳಿ ವಿವರಣೆಗಳಿಗೆ ಅಲ್ಲಿ ಜಾಗವೇ ಇರುವುದಿಲ್ಲ. ಈ ಅಭ್ಯಾಸ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದಲ್ಲ, ಒಂದು ಪ್ರಶ್ನೆಗೆ ಒಂದೇ ಉತ್ತರ ಎಂದು ಕಲಿಸಿದ ಶಾಲೆಯಿಂದಲೇ ಜೊತೆಗೆ ಬಂದದ್ದು.

ಬೇರೆ ರೀತಿ ಕಲಿಸುವುದು ಅಸಾಧ್ಯವೇನಲ್ಲ. ಹಂಪಿಯ ಬಂಡೆಗಳನ್ನು ನೋಡದ ಕನ್ನಡದ ಮಕ್ಕಳು ಕಡಿಮೆ. ಇಷ್ಟೊಂದು ದುಂಡು ಗುಂಡುಗಳು ಒಂದರ ಮೇಲೊಂದು ಕೂತದ್ದು ಹೇಗೆ ಎಂದು ಕೇಳಿ ಸುಮ್ಮನಿರಬಹುದು. ಹೊಳೆ ಉರುಳಿಸಿ ತಂದಿತು ಎನ್ನುತ್ತದೆ ಒಂದು ಮಗು. ಭೂಕಂಪದಲ್ಲಿ ಬೆಟ್ಟ ಒಡೆಯಿತು ಎನ್ನುತ್ತದೆ ಇನ್ನೊಂದು. ಇದ್ದಲ್ಲೇ ಸವೆದು ದುಂಡಗಾದವು ಎಂದು ಮತ್ತೊಂದು. ಈಗ ಮೇಷ್ಟ್ರ ಕೆಲಸ ಸರಿಯುತ್ತರ ಹೇಳುವುದಲ್ಲ, ಮುಂದಿನ ಪ್ರಶ್ನೆ ಕೇಳುವುದು. ಹೊಳೆ ತಂದಿದ್ದರೆ ಬೇರೆ ಬೇರೆ ಜಾತಿಯ ಕಲ್ಲುಗಳು ಬೆರೆತಿರಬೇಕಲ್ಲ, ಇವೆಯೇ? ಒಡೆದು ಬಿದ್ದಿದ್ದರೆ ಮೂಲೆಗಳು ಚೂಪಾಗಿರಬೇಕಲ್ಲ? ಮೇಲಿನ ಗುಂಡೂ ಕೆಳಗಿನ ಹಾಸುಬಂಡೆಯೂ ಒಂದೇ ಕಲ್ಲೇ? ಬಂಡೆಯಲ್ಲಿನ ಸೀಳುಗಳು ಸಾಲಾಗಿ ಹೋಗಿವೆಯೇ? ಗ್ರಾನೈಟ್ ತನ್ನ ಸೀಳುಗಳ ಉದ್ದಕ್ಕೂ ಸವೆದು, ಮೂಲೆಗಳು ಬೇಗ ಕರಗಿ ದುಂಡಗಾಗುತ್ತದೆ ಎಂಬಲ್ಲಿಗೆ ಮಕ್ಕಳು ತಾವೇ ಬಂದು ಮುಟ್ಟುತ್ತಾರೆ. ಮುಟ್ಟದಿದ್ದರೂ, ಮೊದಲ ಎರಡು ಊಹೆಗಳು ಏಕೆ ನಿಲ್ಲಲಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ.

ಈ ಪಾಠಕ್ಕೆ ಹೊಸ ಪುಸ್ತಕ ಬೇಡ. ಮೂರು ಉತ್ತರಗಳನ್ನು ಕರಿಹಲಗೆಯ ಮೇಲೆ ಒಂದು ಪೀರಿಯಡ್ ಪೂರ್ತಿ ಅಳಿಸದೆ ಇಡುವ ತಾಳ್ಮೆ ಬೇಕು, ಮತ್ತು ಆ ತಾಳ್ಮೆಗೆ ಸಮಯ ಕೊಡುವ ಪಠ್ಯಕ್ರಮ ಬೇಕು. 1892ರ ಸಮಿತಿ ಎಲ್ಲವನ್ನೂ ಬರೆದಿಟ್ಟರೂ ಶಾಲೆಗೆ ದಾಟಿಸಲಾಗದೆ ಹೋದದ್ದು ಇಷ್ಟನ್ನೇ.